ಕೊನೆಯ ಹೆಸರಿನವಳ ತಕರಾರು

ನನ್ನ ಹೆಸರು ಹಕಾರದಿಂದ ಶುರುವಾಗುತ್ತದೆ. ಅದರಲ್ಲಿ ಹೇಳಿಕೊಳ್ಳುವಂಥದ್ದೇನಿದೆ ಎಂದು ನೀವು ಕೇಳಬಹುದು. ಅಕಾರದವರು ಹಾಗೆ ಕೇಳುತ್ತಾರೆ. ವಕಾರದವರು, ಸಕಾರದವರು, ಹಕಾರದವರು ಕೇಳುವುದಿಲ್ಲ. ಅವರಿಗೆ ಗೊತ್ತು.

ನಾನು ಓದಿದ ಪ್ರೈಮರಿ ಶಾಲೆಯ ಹಾಜರಿ ಪುಸ್ತಕದಲ್ಲಿ ಮೊದಲು ಗಂಡುಮಕ್ಕಳ ಹೆಸರು, ಅದು ಮುಗಿದ ಮೇಲೆ ಹೆಣ್ಣುಮಕ್ಕಳದು. ಎರಡರಲ್ಲೂ ಅಕ್ಷರದ ಸರದಿ. ಕನ್ನಡ ವರ್ಣಮಾಲೆಯಲ್ಲಿ ಹಕಾರದ ನಂತರ ಉಳಿಯುವುದು ಳಕಾರ ಒಂದೇ. ಆ ಅಕ್ಷರದಿಂದ ಹೆಸರಿಟ್ಟುಕೊಂಡವರನ್ನು ನಾನಂತೂ ಕಂಡಿಲ್ಲ. ಹೀಗಾಗಿ 41 ಮಕ್ಕಳ ತರಗತಿಯಲ್ಲಿ ನಾನು 41ನೆಯವಳು. ಮಗ್ಗಿ ಒಪ್ಪಿಸಲು ಮೇಷ್ಟ್ರು 1ನೇ ನಂಬರಿನಿಂದ ಕರೆಯುತ್ತಿದ್ದರು. ನನ್ನ ಹತ್ತಿರ ಬರುವಷ್ಟರಲ್ಲಿ ಗಂಟೆ ಹೊಡೆದಿರುತ್ತಿತ್ತು. ಆಗ ಶಾಲೆಯಲ್ಲಿ ಮಧ್ಯಾಹ್ನ ಉಪ್ಪಿಟ್ಟು ಕೊಡುತ್ತಿದ್ದರು. ಅದರ ಸಾಲೂ ಅದೇ ನಂಬರಿನದು. ನನ್ನ ತಟ್ಟೆಗೆ ಬೀಳುತ್ತಿದ್ದುದು ಪಾತ್ರೆಯ ತಳದಲ್ಲಿ ಸೀದುಹೋದ ಉಪ್ಪಿಟ್ಟು. ಉಪ್ಪಿಟ್ಟೆಂದರೆ ಸೀದ ವಾಸನೆಯೇ ಇರಬೇಕೆಂದು ನಾನು ಬಹಳ ಕಾಲ ತಿಳಿದಿದ್ದೆ.

ಯಾರೂ ನನಗೆ ಅನ್ಯಾಯ ಮಾಡಬೇಕೆಂದು ಮಾಡಿದ್ದಲ್ಲ. ಮೇಷ್ಟ್ರು ಒಳ್ಳೆಯವರೇ. ಪುಸ್ತಕದಲ್ಲಿ ಹೇಗಿತ್ತೋ ಹಾಗೆ ಕರೆದರು, ಅಷ್ಟೆ. ಈ ಲೇಖನದಲ್ಲಿ ನನ್ನ ತಕರಾರು ಇರುವುದು ಆ 'ಅಷ್ಟೆ' ಎಂಬ ಮಾತಿನ ಮೇಲೆ.

ಕಾಲೇಜಿಗೆ ಹೋದಾಗ ಒಂದು ವಿಚಿತ್ರ ನಡೆಯಿತು. ಅಲ್ಲಿ ಹಾಜರಿ ಇಂಗ್ಲಿಷ್ ಅಕ್ಷರಗಳ ಪ್ರಕಾರ. ಇಂಗ್ಲಿಷಿನಲ್ಲಿ ನನ್ನ ಅಕ್ಷರ ಎಂಟನೆಯದು. ಒಂದೇ ಬೇಸಿಗೆ ರಜೆಯಲ್ಲಿ ನಾನು ತರಗತಿಯ ಬಾಲದಿಂದ ತಲೆಯ ಹತ್ತಿರಕ್ಕೆ ಬಂದುಬಿಟ್ಟೆ. ಮೊದಲ ವಾರದಲ್ಲೇ ಲೆಕ್ಚರರು ನನ್ನ ಹೆಸರು ಹಿಡಿದು ಮಾತನಾಡಿಸಿದರು, ಪ್ರಶ್ನೆ ಕೇಳಿದರು. ಉತ್ತರ ಗೊತ್ತಿದ್ದರೂ ಬಾಯಿ ಬಿಡದ ಹುಡುಗಿ ಬಾಯಿ ಬಿಡಲು ಕಲಿತಳು. ಜೊತೆಗೆ ಬಂದ ನನ್ನ ಗೆಳತಿಯದು ಉಕಾರದ ಹೆಸರು. ಕನ್ನಡದಲ್ಲಿ ಐದನೆಯ ಅಕ್ಷರ, ಇಂಗ್ಲಿಷಿನಲ್ಲಿ ಇಪ್ಪತ್ತೊಂದನೆಯದು. ಹೈಸ್ಕೂಲಿನಲ್ಲಿ ಪಟಪಟನೆ ಉತ್ತರ ಹೇಳುತ್ತಿದ್ದ ಅವಳು ಕಾಲೇಜಿನಲ್ಲಿ ಹಿಂದಿನ ಬೆಂಚಿಗೆ ಸೇರಿ ಸುಮ್ಮನಾದಳು. ಅವಳೂ ಅವಳೇ, ನಾನೂ ನಾನೇ. ಬುದ್ಧಿ ಅದಲುಬದಲಾಗಿರಲಿಲ್ಲ, ಅಕ್ಷರಮಾಲೆ ಬದಲಾಗಿತ್ತು.

ಇಷ್ಟೆಲ್ಲ ಅನುಭವಿಸಿದವಳು ಮುಂದೆ ಟೀಚರಾಗಿ ಏನು ಮಾಡಿದೆ ಎಂದು ಕೇಳಿ. ನಿವೃತ್ತಿಯಾಗುವ ತನಕ 36 ವರ್ಷ ಅದೇ ಹಾಜರಿ ಪುಸ್ತಕ ಹಿಡಿದು 1ನೇ ನಂಬರಿನಿಂದಲೇ ಕರೆದೆ. ಲೆಕ್ಕ ಮಾಡಲು ಬೋರ್ಡಿಗೆ ಕರೆಯುವಾಗ, ಪ್ರತಿಭಾ ಕಾರಂಜಿಗೆ ಹೆಸರು ಬರೆಸುವಾಗ, ಹೊಸ ಪುಸ್ತಕ ಹಂಚುವಾಗ ಎಲ್ಲದಕ್ಕೂ ಮೇಲಿನಿಂದ ಕೆಳಕ್ಕೆ. ಮೂಲೆ ಹರಿದ ಪುಸ್ತಕಗಳು ಪ್ರತಿ ವರ್ಷ ಯಾರ ಪಾಲಿಗೆ ಹೋದವೆಂದು ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಅತ್ತೆಯಿಂದ ಕಷ್ಟಪಟ್ಟ ಸೊಸೆ ಅತ್ತೆಯಾದ ಮೇಲೆ ಅದನ್ನೇ ಮಾಡುತ್ತಾಳೆ ಎನ್ನುತ್ತಾರಲ್ಲ, ಹಾಗಾಯಿತು ನನ್ನ ಕತೆ. ಆದ್ದರಿಂದ ನಾನು ಇಲ್ಲಿ ಯಾರನ್ನಾದರೂ ಬೈದರೆ ಮೊದಲ ಬೈಗುಳ ನನಗೇ ಎಂದು ತಿಳಿಯಿರಿ.

ಇಷ್ಟು ವರ್ಷ ಮಲಗಿದ್ದ ಈ ಸಂಗತಿ ಎದ್ದು ಕುಳಿತದ್ದು ನಮ್ಮೂರಿನ ಒಂದು ಮಹಿಳಾ ಸಂಘದಿಂದ. ನಿವೃತ್ತಿಯಾದ ಮೇಲೆ ನಾನು ಆ ಸಂಘದ ಲೆಕ್ಕ ಬರೆಯಲು ಹೋಗುತ್ತೇನೆ. ಸಂಬಳವಿಲ್ಲ, ಕಾಫಿ ಉಂಟು. ಅಲ್ಲಿ 14 ಜನ ಹೆಂಗಸರು ಚಕ್ಕುಲಿ, ಕೋಡುಬಳೆ, ಹಪ್ಪಳ, ಸಂಡಿಗೆ ಮಾಡಿ ಮಾರುತ್ತಾರೆ. ಬೆಲೆ ಎಲ್ಲರದೂ ಒಂದೇ, ಸಂಘವೇ ಗೊತ್ತುಮಾಡಿದ್ದು. ಮೂರು ವರ್ಷದ ಹಿಂದೆ ಸಂಘಕ್ಕೊಂದು ವೆಬ್‌ಸೈಟು ಆಯಿತು. ಬೆಂಗಳೂರಿನಲ್ಲಿರುವ ನಮ್ಮೂರಿನವರೂ ಫೋನಿನಲ್ಲಿ ನೋಡಿ, ಯಾರ ಕೈಯಿಂದ ಬೇಕೋ ಅವರ ಹೆಸರು ಒತ್ತಿ ತರಿಸಿಕೊಳ್ಳಬಹುದು. ಮಾಡಿಕೊಟ್ಟವನು ನನ್ನ ಸೋದರಳಿಯ. ಹೆಸರುಗಳನ್ನು ಹೇಗೆ ಹಾಕಲಿ ಎಂದು ಅವನು ಕೇಳಿದಾಗ ಅಧ್ಯಕ್ಷರು, "ಯಾರಿಗೂ ಬೇಜಾರಾಗಬಾರದು ಕಣಪ್ಪ, ಅಕ್ಷರದ ಪ್ರಕಾರ ಹಾಕಿಬಿಡು" ಎಂದರು. ನಾನೂ ಹೂಂಗುಟ್ಟಿದೆ.

ಮೊಬೈಲ್ ಪರದೆಯಲ್ಲಿ ಒಂದು ಸಲಕ್ಕೆ ಕಾಣುವುದು ನಾಲ್ಕು ಹೆಸರು. ಉಳಿದವರನ್ನು ನೋಡಬೇಕಾದರೆ ಬೆರಳಿನಿಂದ ಕೆಳಕ್ಕೆ ಜಾರಿಸಬೇಕು. ಬೆರಳಿಗೂ ಸೋಮಾರಿತನವಿದೆ. ತಿಂಗಳ ಕೊನೆಗೆ ಲೆಕ್ಕ ಬರೆಯುವಾಗ ನನ್ನ ಪೆನ್ನಿಗೆ ಅದು ಗೊತ್ತಾಗುತ್ತಿತ್ತು. ಮೇಲಿನ ನಾಲ್ಕು ಹೆಸರಿನ ಮುಂದೆ ಉದ್ದುದ್ದ ಸಾಲು, ಕೆಳಗಿನವರ ಮುಂದೆ ಒಂದೋ ಎರಡೋ. 14ನೆಯವರದು ಸಕಾರದ ಹೆಸರು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು, ಮಗಳು ನರ್ಸಿಂಗ್ ಓದುತ್ತಿದ್ದಳು, ಮನೆಯಲ್ಲಿ ಬೇರೆ ಸಂಪಾದನೆ ಇರಲಿಲ್ಲ. ಒಂದು ದಿನ ಅವರು ತಮ್ಮ ಪಾಸ್‌ಬುಕ್ಕಿಗೆ ಸಹಿ ಹಾಕಿಸಿಕೊಂಡು ಹೋಗುವಾಗ ಬಾಗಿಲಲ್ಲಿ ನಿಂತು, "ನನ್ನ ಕೈಯಲ್ಲಿ ರುಚಿಯೇ ಹೋಯಿತೇನೋ ಮೇಡಂ. ಮುಂದಿನ ತಿಂಗಳಿನಿಂದ ಬಿಟ್ಟುಬಿಡ್ತೀನಿ" ಎಂದರು.

ಅವರ ಚಕ್ಕುಲಿ ನಾನು ತಿಂದಿದ್ದೇನೆ. ಬಾಯಲ್ಲಿಟ್ಟರೆ ಮುರಿಯುವ ಸದ್ದು ಪಕ್ಕದವರಿಗೆ ಕೇಳಬೇಕು, ಎಣ್ಣೆ ಕೈಗೆ ಹತ್ತಬಾರದು, ಅಂಥ ಚಕ್ಕುಲಿ. ಆದರೆ ಅವರು ಪಟ್ಟಿಯನ್ನು ದೂರಲಿಲ್ಲ, ಗಿರಾಕಿಯನ್ನು ದೂರಲಿಲ್ಲ, ತಮ್ಮ ಕೈಯನ್ನು ದೂರಿಕೊಂಡರು. ಕೊನೆಯಲ್ಲಿ ನಿಂತವರು ಮಾಡುವುದು ಅದನ್ನೇ. ನಾಲ್ಕನೇ ಕ್ಲಾಸಿನಲ್ಲಿ ನಾನೂ ಅದನ್ನೇ ಮಾಡಿದ್ದೆ: ಮೇಷ್ಟ್ರು ನನ್ನನ್ನು ಕೇಳುತ್ತಿಲ್ಲವೆಂದರೆ ನಾನು ದಡ್ಡಿಯೇ ಇರಬೇಕು ಎಂದುಕೊಂಡಿದ್ದೆ.

ಆ ರಾತ್ರಿ ಸೋದರಳಿಯನಿಗೆ ಫೋನು ಮಾಡಿದೆ. "ಈ ಹೆಸರುಗಳನ್ನು ದಿನಾ ಬೇರೆ ಬೇರೆ ಸರದಿಯಲ್ಲಿ ತೋರಿಸೋಕೆ ಆಗುತ್ತೇನೋ?" ಎಂದೆ.

"ಅದೇನು ಕಷ್ಟ ಅತ್ತೆ, ಎಲೆ ಕಲಸಿದ ಹಾಗೆ ಕಲಸಿಬಿಡಬಹುದು" ಎಂದ.

"ನೋಡಿದಾಗಲೆಲ್ಲ ಕಲಸಿಹೋದರೆ ಜನಕ್ಕೆ ತಲೆ ಕೆಡೋದಿಲ್ಲವೆ?"

"ಅದಕ್ಕೇ ದಿನಕ್ಕೊಂದು ಸಲ ಕಲಸೋದು. ಇವತ್ತಿನ ತಾರೀಖನ್ನೇ ಬೀಜ ಅಂತ ಕೊಡ್ತೀವಿ. ಬೀಜ ಒಂದೇ ಆದರೆ ಗಿಡವೂ ಒಂದೇ. ಇಡೀ ದಿನ, ಯಾರ ಫೋನಿನಲ್ಲಿ ನೋಡಿದರೂ ಅದೇ ಸರದಿ. ನಾಳೆ ತಾರೀಖು ಬದಲಾದರೆ ಸರದಿಯೂ ಬದಲು."

ಬೀಜ ಎನ್ನುವುದು ಅವನ ಮಾತಲ್ಲ, ಕಂಪ್ಯೂಟರಿನವರು ಇಟ್ಟುಕೊಂಡಿರುವ ಹೆಸರು. ಕಲಸುವ ಕ್ರಮವನ್ನೂ ಅವನು ಹೇಳಿದ. ಕೇಳಿದರೆ ನಮ್ಮ ಅಡುಗೆಮನೆಯದೇ ಅನ್ನಿಸುತ್ತದೆ. ಒಂದು ಡಬ್ಬಿಯಲ್ಲಿ 14 ಚೀಟಿ ಹಾಕಿ. ಒಂದನ್ನು ಎತ್ತಿ, ಅದು ಮೊದಲನೆಯದು. ಉಳಿದ 13ರಲ್ಲಿ ಇನ್ನೊಂದನ್ನು ಎತ್ತಿ, ಅದು ಎರಡನೆಯದು. ಹೀಗೆ ಡಬ್ಬಿ ಬರಿದಾಗುವ ತನಕ. ಇದನ್ನು ಕ್ರಮವಾಗಿ ಬರೆದಿಟ್ಟವರು ರೊನಾಲ್ಡ್ ಫಿಷರ್ ಮತ್ತು ಫ್ರಾಂಕ್ ಯೇಟ್ಸ್ ಎಂಬ ಇಬ್ಬರು ಇಂಗ್ಲಿಷ್ ಸಂಖ್ಯಾಶಾಸ್ತ್ರಜ್ಞರು, 1938ರಲ್ಲಿ. ಆಗ ಕಂಪ್ಯೂಟರಿಲ್ಲ, ಕಾಗದ ಪೆನ್ಸಿಲಿನ ಕೆಲಸ. 1964ರಲ್ಲಿ ರಿಚರ್ಡ್ ಡರ್ಸ್ಟನ್‌ಫೆಲ್ಡ್ ಎಂಬವರು ಅದನ್ನು ಕಂಪ್ಯೂಟರಿಗೆ ಒಗ್ಗಿಸಿದರು.

ಲೆಕ್ಕದ ಟೀಚರು ನಾನು, ಸುಮ್ಮನಿರಲಾಗಲಿಲ್ಲ. 14 ಹೆಸರುಗಳನ್ನು ಎಷ್ಟು ಬಗೆಯ ಸರದಿಯಲ್ಲಿ ಜೋಡಿಸಬಹುದೆಂದು ಗುಣಿಸಿ ನೋಡಿದೆ. 8717 ಕೋಟಿ 82 ಲಕ್ಷ 91 ಸಾವಿರದ 200 ಬಗೆ! ಅಷ್ಟು ಬಗೆಗಳಲ್ಲಿ ನಾವು ಒಂದನ್ನು ಮಾತ್ರ ಹಿಡಿದುಕೊಂಡು, ಮೊದಲನೆಯವರನ್ನು ಎಂದೆಂದೂ ಮೊದಲು, ಕೊನೆಯವರನ್ನು ಎಂದೆಂದೂ ಕೊನೆ ಮಾಡಿ, ಅದಕ್ಕೆ ನಿಷ್ಪಕ್ಷಪಾತ ಎಂದು ಹೆಸರಿಟ್ಟಿದ್ದೆವು.

ಎರಡು ತಿಂಗಳು ದಿನಕ್ಕೊಂದು ಸರದಿ ನಡೆಯಿತು. ಪವಾಡವೇನೂ ಆಗಲಿಲ್ಲ. ಸಂಘದ ಒಟ್ಟು ವ್ಯಾಪಾರ ಹೆಚ್ಚೂಕಡಿಮೆ ಅಷ್ಟೇ ಇತ್ತು. ಆದರೆ ನನ್ನ ಪುಸ್ತಕದಲ್ಲಿ ಸಾಲುಗಳು ಬೇರೆ ಥರ ಬಿದ್ದವು. ಹಿಂದಿನ ಎರಡು ತಿಂಗಳಲ್ಲಿ ಐದು ಆರ್ಡರು ಬಂದಿದ್ದ ಸಕಾರದವರಿಗೆ 19 ಬಂದವು. ಅದರಲ್ಲಿ ಕೆಲವರು ಮತ್ತೆ ಹೆಸರು ಹುಡುಕಿಕೊಂಡು ಅವರ ಹತ್ತಿರವೇ ತರಿಸಿದರು. ಮೇಲಿನ ನಾಲ್ವರಲ್ಲಿ ಇಬ್ಬರ ವ್ಯಾಪಾರ ಇಳಿಯಿತು, ಒಬ್ಬರದು ಇದ್ದ ಹಾಗೇ ಇತ್ತು, ಇನ್ನೊಬ್ಬರದು ಏರಿತು. ಅವರ ಕೋಡುಬಳೆ ನಿಜಕ್ಕೂ ಚೆನ್ನಾಗಿತ್ತು, ಮೇಲಿದ್ದರೂ ಕೆಳಗಿದ್ದರೂ ಜನ ಹುಡುಕಿಕೊಂಡು ಹೋದರು.

ಆಮೇಲೆ ಸಂಘದ ಸಭೆ ಸೇರಿತು. "ದಿನಾ ಹೆಸರು ಅಲ್ಲಾಡುತ್ತೆ, ಗಿರಾಕಿಗಳಿಗೆ ಗೊಂದಲ" ಎಂಬ ದೂರು ಬಂತು. ಅಭಿಪ್ರಾಯ ಕೇಳಿದರು. ಹೇಗೆ ಕೇಳಿದರು ಗೊತ್ತೆ? ಸದಸ್ಯರ ಪಟ್ಟಿಯ ಪ್ರಕಾರ, ಅಕಾರದಿಂದ. ಮೊದಲನೆಯವರು ಮೊದಲಿನ ಪದ್ಧತಿಯೇ ಚೆನ್ನ ಎಂದರು. ಎರಡನೆಯವರು ಅವರನ್ನು ಅನುಮೋದಿಸಿದರು. ಐದನೆಯವರ ಹೊತ್ತಿಗೆ "ಹಾಗಾದರೆ ಎಲ್ಲರ ಅಭಿಪ್ರಾಯವೂ ಒಂದೇ" ಎಂದು ಬರೆದುಕೊಂಡು ಕಾಫಿ ತರಿಸಿದರು. 14ನೆಯವರ ಬಾಯಿ ತೆರೆಯಲೇ ಇಲ್ಲ. ಮಾರನೆಯ ದಿನ ಪಟ್ಟಿ ಮತ್ತೆ ಅಕಾರದಿಂದ ಶುರುವಾಯಿತು. ಇವತ್ತಿಗೂ ಹಾಗೇ ಇದೆ.

ನನಗೆ ಸಿಟ್ಟು ಬಂದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಸಭೆಯಲ್ಲಿ ಬಂದ ಮಾತುಗಳನ್ನು ಒಂದೊಂದಾಗಿ ನೋಡೋಣ. ಇವು ನಮ್ಮ ಸಂಘದವು ಮಾತ್ರ ಅಲ್ಲ, ನೀವೂ ಎಲ್ಲಾದರೂ ಕೇಳಿರುತ್ತೀರಿ.

ಮೊದಲ ಮಾತು: ಅಕ್ಷರದ ಸರದಿಯಲ್ಲಿ ಯಾರ ಪಕ್ಷಪಾತವೂ ಇಲ್ಲ. ನಮ್ಮ ವರ್ಣಮಾಲೆಯನ್ನು ಸ್ವಲ್ಪ ನಿಧಾನವಾಗಿ ಹೇಳಿ ನೋಡಿ. ಕ ಖ ಗ ಘ ಎನ್ನುವಾಗ ಸದ್ದು ಗಂಟಲ ಹತ್ತಿರ ಹುಟ್ಟುತ್ತದೆ. ಚಕಾರಕ್ಕೆ ಅಂಗಳಕ್ಕೆ ಬರುತ್ತದೆ, ಟಕಾರಕ್ಕೆ ನಾಲಗೆ ಮೇಲಕ್ಕೆ ಮಡಿಸುತ್ತದೆ, ತಕಾರಕ್ಕೆ ಹಲ್ಲಿಗೆ ತಾಗುತ್ತದೆ, ಪಕಾರಕ್ಕೆ ತುಟಿ ಮುಚ್ಚುತ್ತದೆ. ಎಂಥ ಅಚ್ಚುಕಟ್ಟು! ಒಳಗಿನಿಂದ ಹೊರಕ್ಕೆ ಬಾಯಿಯೇ ದಾರಿ ತೋರಿಸುತ್ತದೆ. ಆ ಹಿರಿಯರು ಅಕ್ಷರಗಳನ್ನು ಜೋಡಿಸಿದ್ದು ಉಚ್ಚಾರಣೆ ಕಲಿಸುವುದಕ್ಕೆ. ಚಕ್ಕುಲಿ ಮಾಡುವವರಲ್ಲಿ ಯಾರು ಮೊದಲು, ಯಾರು ಕೊನೆ ಎಂದು ತೀರ್ಮಾನಿಸುವುದಕ್ಕಲ್ಲ. ಒಂದು ಕೆಲಸಕ್ಕೆ ಮಾಡಿದ ಅಳತೆಯನ್ನು ಇನ್ನೊಂದಕ್ಕೆ ಹಚ್ಚಿ, ಅಳತೆಯಲ್ಲಿ ಮೋಸವಿಲ್ಲ ಎಂದರೆ ಹೇಗೆ? ಸೇರಿನಲ್ಲಿ ಮೋಸವಿಲ್ಲದಿರಬಹುದು. ಆದರೆ ಸೇರಿನಲ್ಲಿ ಬಟ್ಟೆ ಅಳೆಯುತ್ತಾರೆಯೆ?

ಈ ಅಕ್ಷರದ ಮಹಿಮೆಯನ್ನು ರಾಜಕೀಯದವರು ಎಂದೋ ಕಂಡುಕೊಂಡಿದ್ದಾರೆ. ಆಸ್ಟ್ರೇಲಿಯಾದಲ್ಲಿ 1937ರ ಸೆನೆಟ್ ಚುನಾವಣೆಗೆ ನ್ಯೂ ಸೌತ್ ವೇಲ್ಸ್ ರಾಜ್ಯದಿಂದ ಲೇಬರ್ ಪಕ್ಷ ನಾಲ್ವರನ್ನು ನಿಲ್ಲಿಸಿತು. ಅವರ ಮನೆತನದ ಹೆಸರುಗಳು ಆಮರ್, ಆರ್ಮ್‌ಸ್ಟ್ರಾಂಗ್, ಆರ್ಥರ್, ಆಶ್ಲಿ. ನಾಲ್ಕೂ ಇಂಗ್ಲಿಷಿನ ಮೊದಲ ಅಕ್ಷರದವೇ! ಆಗ ಅಲ್ಲಿ ಮತಪತ್ರದಲ್ಲಿ ಅಕ್ಷರದ ಸರದಿ ಇತ್ತು. ನಾಲ್ವರೂ ಗೆದ್ದರು. ಆಮೇಲೆ 1940ರಲ್ಲಿ ಕಾನೂನು ತಿದ್ದಿ, ಮತಪತ್ರದಲ್ಲಿ ಯಾರ ಗುಂಪು ಎಲ್ಲಿ ಬರಬೇಕೆಂಬುದನ್ನು ಚೀಟಿ ಎತ್ತಿ ತೀರ್ಮಾನಿಸುವಂತೆ ಮಾಡಿದರು. ಅದೇ ದೇಶದ ಟಾಸ್ಮೇನಿಯಾ ರಾಜ್ಯ 1979ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಅಲ್ಲಿ ಒಂದೇ ಕ್ಷೇತ್ರದ ಮತಪತ್ರಗಳನ್ನೇ ಬೇರೆ ಬೇರೆ ಸರದಿಯಲ್ಲಿ ಅಚ್ಚು ಹಾಕುತ್ತಾರೆ. ಒಬ್ಬ ಮತದಾರನ ಕಾಗದದಲ್ಲಿ ಮೇಲಿರುವ ಹೆಸರು ಇನ್ನೊಬ್ಬನ ಕಾಗದದಲ್ಲಿ ಕೆಳಗಿರುತ್ತದೆ. ಮೇಲಿರುವ ಲಾಭ ಯಾರೊಬ್ಬರ ಸ್ವತ್ತಾಗದೆ ಹಂಚಿಹೋಗುತ್ತದೆ. ನಮ್ಮ ದೇಶದಲ್ಲಾದರೋ 1951ರ ಪ್ರಜಾಪ್ರತಿನಿಧಿ ಕಾನೂನಿನಂತೆ ಮಾನ್ಯತೆ ಪಡೆದ ಪಕ್ಷದವರು, ನೋಂದಣಿ ಮಾತ್ರ ಇರುವ ಪಕ್ಷದವರು, ಪಕ್ಷೇತರರು ಎಂದು ಮೂರು ಗುಂಪು ಮಾಡಿ, ಪ್ರತಿ ಗುಂಪಿನೊಳಗೂ ಅಕ್ಷರದ ಸರದಿಯಲ್ಲೇ ಹೆಸರು ಹಾಕುತ್ತಾರೆ. ಮೇಲೆ ಇರುವುದರಿಂದ ಏನೂ ವ್ಯತ್ಯಾಸವಿಲ್ಲ ಎನ್ನುವವರು ತಮ್ಮ ಹೆಸರನ್ನು ಕೊನೆಗೆ ಹಾಕಲು ಒಪ್ಪುತ್ತಾರೆಯೆ, ಕೇಳಿ ನೋಡಿ.

ಎರಡನೆಯ ಮಾತು: ದಿನಾ ಬದಲಾದರೆ ಗೊಂದಲ. ಇದರಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ನಾನು ಒಪ್ಪುತ್ತೇನೆ. ನಿಘಂಟಿನ ಪದಗಳನ್ನು ದಿನಾ ಕಲಸಿದರೆ ಅದು ನಿಘಂಟಲ್ಲ. ಮತದಾರರ ಪಟ್ಟಿಯೋ ಮದುವೆಯ ಮುಯ್ಯಿ ಬರೆದ ಪುಸ್ತಕವೋ ತನ್ನ ಕ್ರಮ ಬಿಡಬಾರದು. ಅಲ್ಲಿ ನಾವು ಹೋಗುವುದು ನಮಗೆ ಬೇಕಾದದ್ದು ಏನೆಂದು ಮೊದಲೇ ಗೊತ್ತಿದ್ದು. ಆದರೆ 14 ಜನರಲ್ಲಿ ಯಾರ ಹತ್ತಿರ ಚಕ್ಕುಲಿ ಕೊಳ್ಳಲಿ ಎಂದು ಬಂದವರಿಗೆ ಬೇಕಾದದ್ದು ಇನ್ನೂ ಗೊತ್ತಿಲ್ಲ. ಅವರು ಹುಡುಕುತ್ತಿಲ್ಲ, ಆರಿಸುತ್ತಿದ್ದಾರೆ. ನನ್ನ ವಾದವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ ಇಷ್ಟೆ: ಹುಡುಕುವ ಕಡೆ ಅಕ್ಷರ ಇರಲಿ, ಆರಿಸುವ ಕಡೆ ಚೀಟಿ ಇರಲಿ. ಕಳೆದ ವಾರ ತಿಂದದ್ದೇ ಬೇಕು ಎನ್ನುವವರು ಹೆಸರು ಒತ್ತಿ ಹುಡುಕಲು ಮೂಲೆಯಲ್ಲಿ ಒಂದು ಜಾಗವಿದ್ದರೆ ಸಾಕು. ಬೆಳಿಗ್ಗೆ ನೋಡಿ ಸಂಜೆ ಕೊಳ್ಳುವವರಿಗೆ ಇಡೀ ದಿನ ಒಂದೇ ಸರದಿ ಇರುತ್ತದೆ. ಇನ್ನು ಗೊಂದಲ ಯಾರಿಗೆ? ಗೊಂದಲವಾದದ್ದು ಮೊದಲ ಜಾಗ ತಮ್ಮ ಪಿತ್ರಾರ್ಜಿತ ಎಂದುಕೊಂಡಿದ್ದವರಿಗೆ.

ಮೂರನೆಯ ಮಾತು: ಚೆನ್ನಾಗಿ ಮಾಡುವವರು ಮೇಲಿರಲಿ, ಹೆಚ್ಚು ಮಾರಾಟವಾದವರನ್ನು ಮೊದಲು ಹಾಕಿ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಮೇಲಿದ್ದದ್ದರಿಂದ ಹೆಚ್ಚು ಮಾರಾಟವಾಯಿತು, ಹೆಚ್ಚು ಮಾರಾಟವಾದದ್ದರಿಂದ ಮೇಲೆ ಹಾಕಿದರು, ಮೇಲೆ ಹಾಕಿದ್ದರಿಂದ ಇನ್ನೂ ಹೆಚ್ಚಾಯಿತು. ಗಾಣದ ಎತ್ತು ಸುತ್ತಿದ ಹಾಗೆ. ಇದರಲ್ಲಿ ರುಚಿಯ ಪರೀಕ್ಷೆ ಎಲ್ಲಿ ನಡೆಯಿತು? ದೊಡ್ಡ ಅಂಗಡಿಗಳ ವೆಬ್‌ಸೈಟಿನಲ್ಲಿ ಮೇಲುಗಡೆಯ ಜಾಗವನ್ನು ಎಷ್ಟೋ ಸಲ ದುಡ್ಡು ಕೊಟ್ಟೇ ಕೊಂಡಿರುತ್ತಾರೆ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಪ್ರಾಯೋಜಿತ ಎಂದು ಬರೆದಿರುತ್ತದೆ. ಅವರಿಗೆ ಆ ಜಾಗದ ಬೆಲೆ ಗೊತ್ತು. ನಾವು ಮಾತ್ರ ಅದನ್ನು ಅಕಾರದವರಿಗೆ ಪುಕ್ಕಟೆಯಾಗಿ ಕೊಟ್ಟು, ಬೆಲೆಯೇ ಇಲ್ಲ ಎನ್ನುತ್ತೇವೆ.

ಇಲ್ಲಿ ಮತ್ತೆ ಫಿಷರ್ ಅವರನ್ನು ನೆನೆಯಬೇಕು. ಅವರು ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡಿದವರು. ಬೇಸಾಯದ ಮನೆಯವರಿಗೆ ಅವರು ಹೇಳಿದ್ದು ಬೇಗ ತಿಳಿಯುತ್ತದೆ. ಒಂದು ತಳಿಯ ಬೀಜವನ್ನು ಯಾವಾಗಲೂ ಕಾಲುವೆ ಬದಿಯ ಪಾತಿಗೇ ಹಾಕಿ, ಇನ್ನೊಂದನ್ನು ದಿಬ್ಬದ ಮೇಲೆಯೇ ಹಾಕಿದರೆ, ಬಂದ ಬೆಳೆ ಬೀಜದ್ದೋ ನೀರಿನದೋ ಹೇಳುವುದು ಹೇಗೆ? ಯಾವ ಪಾತಿಗೆ ಯಾವ ಬೀಜ ಎಂಬುದನ್ನು ಚೀಟಿಗೆ ಬಿಡಿ, ಆಗ ಬೀಜದ ಗುಣ ತಿಳಿಯುತ್ತದೆ ಎಂದರು ಅವರು.

1935ರಲ್ಲಿ ಬಂದ ಅವರ ಪುಸ್ತಕದಲ್ಲಿ ಒಂದು ಚಹದ ಪ್ರಸಂಗವಿದೆ. ಬಟ್ಟಲಿಗೆ ಮೊದಲು ಹಾಲು ಹಾಕಿದರೋ ಮೊದಲು ಡಿಕಾಕ್ಷನ್ ಹಾಕಿದರೋ ಕುಡಿದು ನೋಡಿ ಹೇಳಬಲ್ಲೆ ಎಂದಳು ಒಬ್ಬ ಹೆಂಗಸು. ಗಂಡಸರು ನಗುವ ಮಾತು. ಫಿಷರ್ ನಗುವುದಕ್ಕೆ ಬದಲು ಪರೀಕ್ಷೆಯ ಕ್ರಮ ಹೇಳಿದರು. ಎಂಟು ಬಟ್ಟಲು, ನಾಲ್ಕಕ್ಕೆ ಹಾಲು ಮೊದಲು, ನಾಲ್ಕಕ್ಕೆ ಚಹ ಮೊದಲು. ಅವಳ ಮುಂದೆ ಯಾವುದರ ನಂತರ ಯಾವುದು ಬರಬೇಕೆಂಬುದು ಮಾತ್ರ ಯಾರ ಇಷ್ಟಕ್ಕೂ ಬಿಟ್ಟದ್ದಲ್ಲ, ಚೀಟಿಗೆ ಬಿಟ್ಟದ್ದು. ಹಾಗಾದಾಗ ಸುಮ್ಮನೆ ಊಹಿಸಿ ಎಂಟನ್ನೂ ಸರಿ ಹೇಳುವ ಸಾಧ್ಯತೆ 70ರಲ್ಲಿ ಒಂದು ಮಾತ್ರ. ಸರಿ ಹೇಳಿದರೆ ಅವಳ ನಾಲಗೆಯನ್ನು ನಂಬಲೇಬೇಕು. ಸರದಿಯನ್ನು ಚೀಟಿಗೆ ಬಿಟ್ಟದ್ದರಿಂದಲೇ ಒಬ್ಬ ಹೆಂಗಸಿನ ನಾಲಗೆಗೆ ನ್ಯಾಯ ಸಿಗುವ ದಾರಿಯಾಯಿತು.

ನಮ್ಮ ಸಂಘದ ಸಕಾರದವರಿಗೆ ಬೇಕಿದ್ದದ್ದೂ ಅದೇ. ಅವರಿಗೆ ಕನಿಕರ ಬೇಕಿರಲಿಲ್ಲ. ಪಾಪ, ವಿಧವೆ, ಅವರ ಹೆಸರು ಮೇಲೆ ಹಾಕಿ ಎಂದು ನಾನು ಕೇಳಲೂ ಇಲ್ಲ. ತಮ್ಮ ಕೈಯಲ್ಲಿ ರುಚಿ ಇದೆಯೋ ಇಲ್ಲವೋ ಅವರಿಗೆ ತಿಳಿಯಬೇಕಿತ್ತು. ಅಕ್ಷರದ ಪಟ್ಟಿ ಅದನ್ನು ಎಂದೂ ಹೇಳಲಾರದು. ಚೀಟಿಯ ಪಟ್ಟಿ ಎರಡೇ ತಿಂಗಳಲ್ಲಿ ಹೇಳಿತು. ಯೋಗ್ಯತೆ ಯೋಗ್ಯತೆ ಎನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು. ಯೋಗ್ಯತೆ ಕಾಣಬೇಕಾದರೆ ಮೊದಲು ಜಾಗದ ಲಾಭವನ್ನು ಪಕ್ಕಕ್ಕೆ ಸರಿಸಬೇಕು. ಹಾಗೆ ಸರಿಸಲು ಚೀಟಿಗಿಂತ ಸುಲಭವಾದ ಸಾಧನ ನನಗೆ ಗೊತ್ತಿಲ್ಲ.

ನಾಲ್ಕನೆಯ ಮಾತು: ದುಡಿಯುವ ಹೆಂಗಸರ ಬದುಕನ್ನು ಅದೃಷ್ಟಕ್ಕೆ ಬಿಡುವುದೆ? ಆಡಿದವರು ಅದನ್ನು ಬಹಳ ಗಂಭೀರವಾಗಿ ಆಡಿದರು. ನನಗೆ ನಗು ಬಂತು. ಯಾರ ಹೊಟ್ಟೆಯಲ್ಲಿ ಹುಟ್ಟುತ್ತೇವೆ, ನಾಮಕರಣದ ದಿನ ಅಜ್ಜಿ ಯಾವ ಹೆಸರು ಕೂಗುತ್ತಾಳೆ ಎಂಬುದು ಅದೃಷ್ಟವಲ್ಲದೆ ಮತ್ತೇನು? ಅದೂ ಒಂದು ಚೀಟಿಯೇ. ಒಂದೇ ಸಲ ಎತ್ತಿ, ಸಾಯುವ ತನಕ ಬದಲಿಸಬಾರದೆಂದು ಅಂಟಿಸಿದ ಚೀಟಿ. ನಾನು ಕೇಳುತ್ತಿರುವುದು ಅದನ್ನು ದಿನಾ ಬೆಳಿಗ್ಗೆ ಮತ್ತೆ ಎತ್ತಿ ಎಂದು ಮಾತ್ರ.

ಚೀಟಿ ಎತ್ತುವುದು ಹುಡುಗಾಟವೂ ಅಲ್ಲ. ತಮಿಳುನಾಡಿನ ಉತ್ತರಮೇರೂರಿನಲ್ಲಿ ಸುಮಾರು 920ರ ಕಾಲದ, ಚೋಳ ದೊರೆ ಮೊದಲನೆಯ ಪರಾಂತಕನ ಶಾಸನಗಳಿವೆ. ಊರ ಸಭೆಯ ಸಮಿತಿಗಳಿಗೆ ಜನರನ್ನು ಆರಿಸಲು ಅರ್ಹರ ಹೆಸರನ್ನು ಓಲೆಯ ಮೇಲೆ ಬರೆದು ಮಡಕೆಗೆ ಹಾಕಿ, ಒಬ್ಬ ಹುಡುಗನ ಕೈಯಿಂದ ಎತ್ತಿಸುತ್ತಿದ್ದರೆಂದು ಅದರಲ್ಲಿ ಕೆತ್ತಿದ್ದಾರೆ. ಇವತ್ತಿಗೂ ನಮ್ಮ ಶಾಸನಸಭೆಯ ಚುನಾವಣೆಯಲ್ಲಿ ಇಬ್ಬರಿಗೂ ಸಮನಾದ ಮತ ಬಿದ್ದರೆ, ಕಾನೂನಿನ ಪ್ರಕಾರವೇ ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಶಾಸಕರನ್ನು ಆರಿಸಲು ಸಲ್ಲುವ ಚೀಟಿ ಚಕ್ಕುಲಿಗೆ ಸಲ್ಲದೆ?

ಒಂದು ದೋಷವನ್ನು ಮಾತ್ರ ನಾನೇ ಹೇಳುತ್ತೇನೆ, ಬೇರೆಯವರು ಹೇಳುವ ಮೊದಲು. ದಿನಾ ಹೊಸದಾಗಿ ಚೀಟಿ ಎತ್ತಿದರೆ ಒಬ್ಬರೇ ಎರಡು ದಿನ ಮೊದಲು ಬರಬಹುದು, ಇನ್ನೊಬ್ಬರು ತಿಂಗಳೆಲ್ಲ ಬಾರದೇ ಹೋಗಬಹುದು. 14 ಜನರಲ್ಲಿ ಒಬ್ಬರಿಗೆ 30 ದಿನವೂ ಮೊದಲ ಜಾಗ ಸಿಗದೇ ಇರುವ ಸಾಧ್ಯತೆ ನೂರಕ್ಕೆ ಸುಮಾರು 11. ಅಂದರೆ ಪ್ರತಿ ತಿಂಗಳೂ ಒಬ್ಬಿಬ್ಬರಿಗೆ ಹಾಗಾಗುವುದು ಸಹಜವೇ. ವರ್ಷ ಕಳೆದರೆ ಸರಿಹೋಗುತ್ತದೆ ಎಂದು ಲೆಕ್ಕದವರು ಹೇಳುತ್ತಾರೆ. ಆದರೆ ನರ್ಸಿಂಗ್ ಕಾಲೇಜಿನ ಫೀಜು ವರ್ಷದ ತನಕ ಕಾಯುವುದಿಲ್ಲ.

ಇದಕ್ಕೆ ಪರಿಹಾರ ಫಿಷರ್ ಅವರ ಪುಸ್ತಕದಲ್ಲಿ ಹುಡುಕಬೇಕಿಲ್ಲ, ನಮ್ಮ ಕೈಯಲ್ಲೇ ಇದೆ. ನಾವು ಹೆಂಗಸರು ತಿಂಗಳ ಚೀಟಿ ಹಾಕುವುದಿಲ್ಲವೆ? ಒಂದು ತಿಂಗಳು ಚೀಟಿ ಬಂದವಳ ಹೆಸರನ್ನು ಡಬ್ಬಿಯಿಂದ ತೆಗೆದಿಡುತ್ತೇವೆ. ಎಲ್ಲರಿಗೂ ಬಂದ ಮೇಲೆ ಮತ್ತೆ ಹೊಸದಾಗಿ ಶುರು. ಮೊದಲ ಜಾಗಕ್ಕೂ ಹಾಗೇ ಮಾಡಿದರಾಯಿತು. 14 ದಿನದಲ್ಲಿ ಪ್ರತಿಯೊಬ್ಬರೂ ಒಂದು ದಿನ ಮೊದಲು, ಉಳಿದ ಜಾಗಗಳು ದಿನದ ಚೀಟಿಯ ಪ್ರಕಾರ. ಸೋದರಳಿಯನನ್ನು ಕೇಳಿದೆ, "ಅರ್ಧ ಗಂಟೆ ಕೆಲಸ ಅತ್ತೆ" ಎಂದ. ಅರ್ಧ ಗಂಟೆಯ ಕೆಲಸವಿದು. ಕಷ್ಟವಿರುವುದು ಕಂಪ್ಯೂಟರಿನಲ್ಲಲ್ಲ.

ಕಷ್ಟ ಎಲ್ಲಿದೆಯೆಂದು ನಾವೆಲ್ಲ ಬಲ್ಲೆವು. ನಮ್ಮ ಮನೆಯಲ್ಲಿ ಊಟಕ್ಕೆ ಮೊದಲು ಅಪ್ಪ, ಆಮೇಲೆ ಅಣ್ಣಂದಿರು, ಆಮೇಲೆ ನಾವು, ಎಲ್ಲರದೂ ಆದ ಮೇಲೆ ಅಮ್ಮ. ಅಮ್ಮನ ಪಾಲಿಗೆ ಹುಳಿಯಲ್ಲಿ ತರಕಾರಿ ಉಳಿದಿರುತ್ತಿರಲಿಲ್ಲ. ಯಾಕಮ್ಮಾ ಎಂದರೆ "ನನಗೆ ತಿಳಿಯೇ ಇಷ್ಟ ಕಣೇ" ಎನ್ನುತ್ತಿದ್ದಳು. ಅದನ್ನು ನಾನು ನಂಬಿದ್ದೆ. ಕೊನೆಯಲ್ಲಿ ಕೂರುವವಳಿಗೆ ತಿಳಿ ಇಷ್ಟವಾಗಲೇಬೇಕು, ಬೇರೆ ದಾರಿಯಿಲ್ಲ. ಸಕಾರದವರು ತಮ್ಮ ಕೈಯನ್ನು ದೂರಿಕೊಂಡಾಗ ನನಗೆ ಅಮ್ಮನ ಆ ಮಾತೇ ಕೇಳಿಸಿತು. ಬದಲಾಗದ ಸರದಿ ನಮಗೆ ಕಡಿಮೆ ಬಡಿಸುತ್ತದೆ, ಅದಕ್ಕಿಂತ ಹೆಚ್ಚಾಗಿ ಕಡಿಮೆಯೇ ನಮ್ಮ ಇಷ್ಟವೆಂದು, ನಮ್ಮ ಯೋಗ್ಯತೆ ಅಷ್ಟೇ ಎಂದು ನಮ್ಮ ಬಾಯಿಂದಲೇ ಹೇಳಿಸುತ್ತದೆ. ನನಗೆ ಸಹಿಸಲಾಗದೆ ಇರುವುದು ಇದು.

ಆದ್ದರಿಂದ ಓದುಗ ಗೆಳತಿಯರೆ, ನಿಮ್ಮಲ್ಲಿ ಟೀಚರುಗಳಿದ್ದರೆ ನಾಳೆ ಹಾಜರಿಯನ್ನು ಪುಸ್ತಕದಂತೆ ಕರೆಯಿರಿ, ಆದರೆ ಪ್ರಶ್ನೆಯನ್ನು ಚೀಟಿ ಎತ್ತಿ ಕೇಳಿ. ಸಂಘದ ಕಾರ್ಯದರ್ಶಿಗಳಿದ್ದರೆ ಮಾತನಾಡುವ ಸರದಿಯನ್ನು ಪ್ರತಿ ಸಭೆಗೂ ಬದಲಿಸಿ. ಭಜನೆ ಮಂಡಳಿಯಲ್ಲಿ ಮೊದಲ ಹಾಡು ಯಾರದು, ಪ್ರದರ್ಶನದಲ್ಲಿ ಬಾಗಿಲ ಪಕ್ಕದ ಮಳಿಗೆ ಯಾರದು, ಇವನ್ನೆಲ್ಲ ಒಮ್ಮೆ ನೋಡಿ. ಬಹುಶಃ ವರ್ಷಗಳಿಂದ ಅದೇ ಹೆಸರಿರುತ್ತದೆ. ಅವರು ಕೆಟ್ಟವರಲ್ಲ, ಅಕಾರದವರು ಅಷ್ಟೆ.

ಸಕಾರದವರು ಸಂಘ ಬಿಟ್ಟಿಲ್ಲ. ಪಟ್ಟಿ ಹಿಂದಿನಂತಾದ ಮೇಲೆ ಅವರ ಆರ್ಡರುಗಳು ಮತ್ತೆ ಇಳಿದಿವೆ. ಆ ಎರಡು ತಿಂಗಳಲ್ಲಿ ಪರಿಚಯವಾದ ಕೆಲವು ಗಿರಾಕಿಗಳು ಮಾತ್ರ ಬಿಟ್ಟಿಲ್ಲ. ಮೊನ್ನೆ ಪಾಸ್‌ಬುಕ್ಕು ತಂದಾಗ, "ಬಿಡೋ ಯೋಚನೆ ಬಿಟ್ಟೆ ಮೇಡಂ. ಕೈಯಲ್ಲಿ ರುಚಿ ಇದೆ ಅಂತ ಈಗ ಗೊತ್ತಲ್ಲ" ಎಂದರು. "ಮುಂದಿನ ಸಭೆಯಲ್ಲಿ ನೀವೇ ಇದನ್ನು ಹೇಳಬೇಕು" ಎಂದೆ. "ನನ್ನ ತನಕ ಎಲ್ಲಿ ಬರುತ್ತೆ ಮೇಡಂ?" ಎಂದು ನಕ್ಕರು.

ಸಂಘದ ವಾರ್ಷಿಕ ಸಭೆ ಬರುವ ತಿಂಗಳು. ಹಳೆಯ ಕಾಫಿಪುಡಿ ಡಬ್ಬಿಯೊಂದನ್ನು ತೊಳೆದು ಒಣಗಿಸಿ ಇಟ್ಟಿದ್ದೇನೆ. ಅದರಲ್ಲಿ ಒಂದೇ ಅಳತೆಯ 14 ಚೀಟಿಗಳಿವೆ. ಸಭೆಯಲ್ಲಿ ಯಾರು ಮೊದಲು ಮಾತನಾಡಬೇಕೆಂಬುದನ್ನು ಅದರಿಂದ ಎತ್ತಿ ನೋಡೋಣ ಎಂದು ಕೇಳಲಿದ್ದೇನೆ. ಅಧ್ಯಕ್ಷರು ಬೇಡವೆಂದರೆ ಕಾರಣವನ್ನು ಅವರೇ ಹೇಳಲಿ, ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ.